ಸದ್ದು ಮಾಡುವ ಮನೆಯ ಪಕ್ಕದ ಮನೆ

ಅಕ್ಷರ ಸೊಟ್ಟಗಿದ್ದರೆ ಮನ್ನಿಸಿ ಎಂದು ಶುರು ಮಾಡಿದ್ದೆ. ಅಚ್ಚಾದ ಮೇಲೆ ಯಾರ ಅಕ್ಷರವಾದರೂ ನೆಟ್ಟಗೇ ಕಾಣುತ್ತದೆ ಎಂದು ಆಮೇಲೆ ಹೊಳೆದು ನಗು ಬಂತು. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈ ಪಟ್ಟಿ ಸುತ್ತಿಸಿಕೊಂಡು ದಿಂಬಿನ ಮೇಲೆ ಮಹಾರಾಣಿಯಂತೆ ಮಲಗಿದೆ. ಆ ಕೈಯ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಒಂದು ವರ್ಷದಿಂದ ಸ್ಪರ್ಶವಿಲ್ಲ. ಆಪರೇಷನ್ ಆಗಿದೆ. ಸ್ಪರ್ಶ ಮರಳುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಕಾಯುವುದು ಬಿಟ್ಟು ಬೇರೆ ಕೆಲಸವಿಲ್ಲದ್ದರಿಂದ ರಫೀಕ್ ಬಹಳ ದಿನದಿಂದ ಕೇಳುತ್ತಿದ್ದ ಬರಹಕ್ಕೆ ಕೂತಿದ್ದೇನೆ.

ರಫೀಕ್ ನನ್ನ ಶಿಷ್ಯ. ಗಂಗಾನಗರದ ಹುಡುಗ, ಹುಡುಗ ಎನ್ನುವುದು ನನ್ನ ಅಭ್ಯಾಸ, ಅವನ ಗಡ್ಡ ಆಗಲೇ ನೆರೆತಿದೆ. ನಾನು ಕೆಲಸ ಮಾಡಿದ ಆಸ್ಪತ್ರೆಯಲ್ಲೇ ಈಗ ಅರಿವಳಿಕೆ ವಿಭಾಗ ನೋಡಿಕೊಳ್ಳುತ್ತಾನೆ. "ಮೇಡಂ, ಹೊಸದಾಗಿ ಸೇರೋರಿಗೆ ನಿಮ್ ಕಾಲದ್ದು ಬರ್ದುಕೊಡಿ. ಆದ್ರೆ ಪ್ರಮೋಷನ್ ಯಾವಾಗ ಆಯ್ತು, ಯಾರು ಹಾರ ಹಾಕಿದ್ರು, ಅದೆಲ್ಲ ಬೇಡ" ಎಂದ. ನನಗೆ ಹಾರ ಹಾಕಿದ್ದೇ ಒಂದು ಸಲ, ನಿವೃತ್ತಿಯ ದಿನ. ಅದೂ ಸುಗಂಧರಾಜದ್ದು. ಫೋಟೊದಲ್ಲೆಲ್ಲ ನಾನು ಸೀನುತ್ತಿದ್ದೇನೆ.

ನನ್ನದು ಅರಿವಳಿಕೆ ವೈದ್ಯೆಯ ಕೆಲಸ. ಜನರ ಬಾಯಲ್ಲಿ "ಮತ್ತು ಕೊಡೋ ಡಾಕ್ಟ್ರು". ಆಪರೇಷನ್ ಮಾಡಿದವರಿಗೆ ಮೈಸೂರ್ ಪಾಕ್ ಡಬ್ಬಿ ಬರುತ್ತದೆ; ನಮಗೆ ಬರುವುದು "ಎಚ್ಚರ ಆಗುತ್ತೆ ತಾನೆ ಮೇಡಂ?" ಎಂಬ ಒಂದೇ ಪ್ರಶ್ನೆ. ನಮ್ಮ ಆಸ್ಪತ್ರೆ ಟಿ. ದಾಸರಹಳ್ಳಿಯ ಹತ್ತಿರ. ಪೀಣ್ಯದ ಶೆಡ್ಡುಗಳಲ್ಲಿ ಪವರ್ ಪ್ರೆಸ್ಸಿಗೋ ಲೇತಿಗೋ ಕೈ ಸಿಕ್ಕಿಸಿಕೊಂಡವರು ಟವೆಲ್ ಸುತ್ತಿಕೊಂಡು, ಆಟೊ ಹತ್ತಿ ನೇರ ನಮ್ಮಲ್ಲಿಗೆ ಬರುತ್ತಿದ್ದರು. ಬಹಳಷ್ಟು ಜನ ಊಟ ಮುಗಿಸಿಯೇ ಶಿಫ್ಟಿಗೆ ಬಂದವರು. ಹೊಟ್ಟೆ ತುಂಬ ಮುದ್ದೆ ಉಂಡವರನ್ನು ಪೂರ್ತಿ ಪ್ರಜ್ಞೆ ತಪ್ಪಿಸಿದರೆ ಉಂಡದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುವ ಭಯ. ಆದ್ದರಿಂದ ಮನುಷ್ಯನನ್ನು ಎಚ್ಚರವಿಟ್ಟು ಕೈಯನ್ನು ಮಾತ್ರ ಮಲಗಿಸುತ್ತಿದ್ದೆವು. ಇಡೀ ಕೈಯ ನರಗಳೆಲ್ಲ ಕತ್ತಿನಿಂದ ಇಳಿದು ಕೊರಳೆಲುಬಿನ ಹಿಂದಿನ ಗುಳಿಯಲ್ಲಿ ಒಂದು ಕಡೆ ಗುಂಪುಗೂಡುತ್ತವೆ. ಅಲ್ಲಿ ಹೋಗಿ ಔಷಧಿ ಬಿಟ್ಟರೆ ಭುಜದ ಕೆಳಗಿನಿಂದ ಬೆರಳ ತುದಿವರೆಗೆ ಕೈ ನಿದ್ದೆ ಹೋಗುತ್ತದೆ. ನಮ್ಮ ಜನ ರಕ್ತನಾಳವನ್ನೂ ನರ ಎಂದೇ ಕರೆಯುತ್ತಾರೆ. ನಾನು ಹೇಳುತ್ತಿರುವುದು ರಕ್ತ ಹರಿಯದ, ಸುದ್ದಿ ಮಾತ್ರ ಹರಿಯುವ ನಿಜವಾದ ನರ.

ತೊಂದರೆಯೆಂದರೆ ಆ ನರ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೂ ಸಿಗುವುದಿಲ್ಲ. ಇದನ್ನು ಹುಡುಕಲು ಕಲಿಸಿದವರು ಲೀಲಾ ಮೇಡಂ, ನನ್ನ ಮೊದಲ ಮುಖ್ಯಸ್ಥೆ. ಗಂಜಿ ಹಾಕಿದ ಕಾಟನ್ ಸೀರೆ, ಹಣೆ ತುಂಬ ಕುಂಕುಮ, ಬಾಯಿ ತೆರೆದರೆ ಬೈಗುಳ. ನಾನು ಸೇರಿದ ವಾರ ನನ್ನನ್ನು ನಿಲ್ಲಿಸಿ ಕೇಳಿದರು:

"ಗೌರಿ, ವಠಾರದಲ್ಲಿ ಇದ್ದು ಗೊತ್ತೇನೇ ನಿಂಗೆ?"

"ಇಲ್ಲ ಮೇಡಂ. ನಮ್ದು ಕೋಗಿಲು. ತೋಟದ ಮನೆ."

"ಅದಕ್ಕೇ ನಿಂಗೆ ತಲೆಗೆ ಹತ್ತುತ್ತಿಲ್ಲ. ಕೇಳು. ವಠಾರದಲ್ಲಿ ಒಂದು ಮನೆಯಿಂದ ಯಾವಾಗ್ಲೂ ಸದ್ದು. ರುಬ್ಬೋದು, ಕುಟ್ಟೋದು, ಗಂಡನ್ನ ಬೈಯೋದು. ಪಕ್ಕದ ಮನೆಯೋಳು ಉಸಿರೂ ಬಿಡಲ್ಲ. ನಿಂಗೆ ಆ ಉಸಿರು ಬಿಡ್ದೇ ಇರೋಳ ಮನೆ ಬೇಕು. ಏನ್ ಮಾಡ್ತೀಯಾ?"

"ಸದ್ದಿನ ಮನೆ ಹುಡುಕಿ ಪಕ್ಕದ ಬಾಗಿಲು ತಟ್ತೀನಿ ಮೇಡಂ."

"ಅಷ್ಟೇ ಕಣೇ ಅನಾಟಮಿ. ಅಪಧಮನಿ ಡಬ್ ಡಬ್ ಅಂತ ಬಡ್ಕೊಳ್ತಾ ಇರುತ್ತೆ. ಅದರ ಹೊರಮಗ್ಗುಲಿಗೆ ನರ ಇರುತ್ತೆ. ಕೆಳಗಿನ ಮನೇಲಿ ಶ್ವಾಸಕೋಶದ ನೆತ್ತಿ ಇದೆ, ಅದನ್ನ ಮಾತ್ರ ತಟ್ಟಬೇಡ."

ಪುಸ್ತಕದಲ್ಲಿ ನರಕ್ಕೆ ನೀಲಿಯಲ್ಲದ, ಕೆಂಪಲ್ಲದ ಹಳದಿ ಬಣ್ಣ ಬಳಿದು ಎಲ್ಲವನ್ನೂ ಬೇರೆ ಬೇರೆ ಇಟ್ಟು ತೋರಿಸುತ್ತಾರೆ. ಮೈಯೊಳಗೆ ಬಣ್ಣವಿಲ್ಲ, ಅಂತರವೂ ಇಲ್ಲ. ಒಂದರ ಮೈಗೆ ಒಂದು ಅಂಟಿಕೊಂಡು ಬದುಕುತ್ತವೆ. ಊರು ಬದಲಾದರೆ ನೆರೆಹೊರೆಯೂ ಬದಲು. ಕೊರಳೆಲುಬಿನ ಹತ್ತಿರ ಅಪಧಮನಿಯ ಹೊರಮಗ್ಗುಲಿಗೆ ಗುಂಪಾಗಿದ್ದ ನರಗಳು ಕಂಕುಳಿಗೆ ಇಳಿಯುವಷ್ಟರಲ್ಲಿ ಅದನ್ನು ಸುತ್ತುವರಿದಿರುತ್ತವೆ. ಒಂದು ಮೇಲೆ, ಒಂದು ಕೆಳಗೆ, ಒಂದು ಬೆನ್ನ ಹಿಂದೆ. ತೊಡೆಸಂದಿಗೆ ಹೋದರೆ ಹೊರಗಿನಿಂದ ಒಳಕ್ಕೆ ನರ, ಅಪಧಮನಿ, ಅಭಿಧಮನಿ ಎಂದು ಸಾಲಾಗಿ ಕೂತಿರುತ್ತವೆ, ಮದುವೆ ಪಂಕ್ತಿಯಲ್ಲಿ ಕೂತಂತೆ. ಕೆಲವರಲ್ಲಿ ಹುಟ್ಟುವಾಗಲೇ ಎಲೆ ಅದಲುಬದಲಾಗಿರುತ್ತದೆ. ಎಲ್ಲರ ಒಳಗೂ ಒಂದೇ ನಕ್ಷೆ ಎಂದು ನಂಬಿದವನು ಒಂದಲ್ಲ ಒಂದು ದಿನ ಬೆಪ್ಪಾಗುತ್ತಾನೆ.

ಲೀಲಾ ಮೇಡಂ ನಮ್ಮನ್ನು ಕಣ್ಣು ಮುಚ್ಚಿಸಿ ಒಬ್ಬರ ಕೊರಳ ಗುಳಿಯ ಮೇಲೆ ಇನ್ನೊಬ್ಬರ ತೋರುಬೆರಳು, ನಡುಬೆರಳು ಇಡಿಸುತ್ತಿದ್ದರು. "ಒತ್ತಬೇಡ. ಒತ್ತಿದರೆ ನಿನ್ನ ನಾಡೀನೇ ನಿಂಗೆ ಸಿಗುತ್ತೆ. ಸುಮ್ನೆ ಇಟ್ಕೊಂಡು ಕಾಯಿ, ಅದಾಗೇ ಬರುತ್ತೆ" ಎನ್ನುತ್ತಿದ್ದರು. ಜೊತೆಯವರಿಗಿಂತ ಬೇಗ ನನಗೆ ಸಿಗುತ್ತಿತ್ತು. ಅದು ಓದಿನಿಂದ ಬಂದದ್ದಲ್ಲ. ನಮ್ಮ ಮನೆಯಲ್ಲಿ ಅವರೆಕಾಯಿ ಕಾಲ ಬಂತೆಂದರೆ ನೆನೆಸಿದ ಕಾಳು ಹಿತುಕುವ ಕೆಲಸ ನನ್ನದು. ಹೆಬ್ಬೆರಳು ತೋರುಬೆರಳ ನಡುವೆ ಕಾಳು ಹಿಡಿದು, ಸಿಪ್ಪೆ ಎಲ್ಲಿ ಸಡಿಲವಾಗಿದೆ ಎಂದು ನೋಡದೆಯೇ ತಿಳಿದು ಒತ್ತಬೇಕು. ಹೆಚ್ಚು ಒತ್ತಿದರೆ ಕಾಳು ಗೋಡೆಗೆ ಹಾರುತ್ತದೆ, ಅವ್ವನ ಕೈ ಬೆನ್ನಿಗೆ ಬೀಳುತ್ತದೆ. ಅವ್ವ ಮಾತಾಡುತ್ತಾ, ಬಾಗಿಲಲ್ಲಿ ಬಂದವರನ್ನು ವಿಚಾರಿಸುತ್ತಾ, ಒಂದು ಸಲವೂ ತಟ್ಟೆ ನೋಡದೆ ರಾಶಿ ಹಿತುಕುತ್ತಿದ್ದಳು. ನನ್ನ ಬೆರಳಿಗೆ ಬುದ್ಧಿ ಬಂದದ್ದು ಅಲ್ಲಿ.

ಈಗ ಸೂಜಿಯ ವಿಷಯ. ಆಗ ನರ ಸಿಕ್ಕಿತೆಂದು ತಿಳಿಯಲು ಒಂದೇ ದಾರಿಯಿತ್ತು, ರೋಗಿಯ ಬಾಯಿ. ಸೂಜಿಯ ತುದಿ ನರಕ್ಕೆ ತಾಕಿದರೆ ಬೆರಳವರೆಗೆ ಕರೆಂಟ್ ಹೊಡೆದಂತೆ ಜುಂ ಎನ್ನುತ್ತದೆ. "ಜುಂ ಅಂದ ತಕ್ಷಣ ಹೇಳಿ" ಎಂದು ಮೊದಲೇ ಹೇಳಿಟ್ಟಿರುತ್ತಿದ್ದೆವು. ನಾನು ಸ್ವತಂತ್ರವಾಗಿ ಮಾಡತೊಡಗಿದ ಹೊಸತರಲ್ಲಿ ನಂಜುಂಡ ಎಂಬ ಪ್ರೆಸ್ ಆಪರೇಟರ್ ಬಂದ. ಎರಡು ಬೆರಳು ಜಜ್ಜಿದ್ದವು. ಬಹಳ ಮರ್ಯಾದಸ್ಥ. ಸೂಜಿ ಚರ್ಮ ದಾಟಿದ ಕೂಡಲೇ "ಹೊಡೀತು ಮೇಡಂ" ಎಂದ. ಇಷ್ಟು ಬೇಗ ಸಿಕ್ಕಿತಲ್ಲ ಎಂದು ನಾನು ಹಿಗ್ಗಿ ಹೋದೆ. ಔಷಧಿ ಬಿಟ್ಟೆ, ಕಾದೆ. ಸರ್ಜನ್ ಬಂದು ಬೆರಳು ಮುಟ್ಟಿದ್ದೇ ತಡ, ನಂಜುಂಡನ ಕಿರುಚಾಟ ಕಾರಿಡಾರಿನ ಆಚೆಗೆ ಕೇಳಿಸಿತು.

"ಮತ್ತೆ ಹೊಡೀತು ಅಂದ್ರಲ್ಲಪ್ಪ?" ಎಂದೆ.

"ನೀವು ಅಷ್ಟು ಸಲ ಹೇಳಿದ್ರಲ್ಲ ಮೇಡಂ. ಹೊಡೀದಿದ್ರೆ ನಿಮಗೆ ಬೇಜಾರಾಗುತ್ತೆ ಅಂತ..."

ಲೀಲಾ ಮೇಡಂ ಬಂದು ಮತ್ತೆ ಮಾಡಿದರು. ಹೊರಗೆ ಬಂದು ನನ್ನ ಕಿವಿ ಹಿಂಡುವುದೊಂದು ಬಾಕಿ. "ಬಂತಾ ಅಂತ ಯಾವತ್ತೂ ಕೇಳಬೇಡ. ನಮ್ ಜನ ಒಳ್ಳೆಯೋರು, ಹೂಂ ಅಂತಾರೆ. ಎಲ್ಲಿಗೆ ಬಂತು ಅಂತ ಕೇಳು. ಹೆಬ್ಬೆರಳಿಗೋ ಕಿರುಬೆರಳಿಗೋ ಅಂತ ಸುಳ್ಳು ಹೇಳೋಕೆ ಬರಲ್ಲ." ಹೊಸಬರೇ, ಯಂತ್ರ ಎಷ್ಟೇ ಬಂದರೂ ಈ ಮಾತು ಹಳೆಯದಾಗಿಲ್ಲ. ಹೊಟ್ಟೆನೋವೋ, ತಲೆನೋವೋ, ಹೌದೋ ಅಲ್ಲವೋ ಎಂದು ಕೇಳಿದರೆ ನಿಮ್ಮನ್ನು ಖುಷಿಪಡಿಸುವ ಉತ್ತರ ಬರುತ್ತದೆ. ಎಲ್ಲಿ ಎಂದು ಕೇಳಿದರೆ ನಿಜ ಬರುತ್ತದೆ.

ಲೀಲಾ ಮೇಡಂ ಅವರ ಕೈಯೂ ಒಂದು ಸಲ ತಪ್ಪಿತು. ತೆಳ್ಳಗಿನ ಮುದುಕರೊಬ್ಬರಲ್ಲಿ ಸೂಜಿ ಒಂದು ಎಳೆ ಕೆಳಗೆ ಇಳಿದು ಶ್ವಾಸಕೋಶಕ್ಕೆ ತಾಕಿತು. ಸಂಜೆಯ ಹೊತ್ತಿಗೆ ಅವರಿಗೆ ಉಸಿರು ಕಟ್ಟತೊಡಗಿತು. ಎದೆಗೆ ಕೊಳವೆ ಹಾಕಿದರು, ಬದುಕಿದರು. ಅವರು ಮನೆಗೆ ಹೋಗುವವರೆಗೂ ಮೇಡಂ ದಿನವೂ ಬಂದು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದರು. ಬೈಗುಳವಿಲ್ಲ, ಮಾತಿಲ್ಲ. ಆ ಮುದುಕರೇ "ಹೋಗಿ ಊಟ ಮಾಡಮ್ಮ" ಎಂದು ಸಮಾಧಾನ ಹೇಳಬೇಕಾಗಿತ್ತು. ಹಳೆಯ ವಿಧಾನದ ಮೇಲಿನ ನನ್ನ ಹಂಬಲವನ್ನು ಓದುವಾಗ ಈ ಸ್ಟೂಲನ್ನೂ ನೆನಪಿಡಿ.

ಆದರೆ ನನ್ನ ಕೆಲಸದ ರೀತಿಯನ್ನೇ ಬದಲಿಸಿದವಳು ಭಾಗ್ಯ. ಪ್ಲಾಸ್ಟಿಕ್ ಅಚ್ಚಿನ ಯಂತ್ರದಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸು. ಬಲಗೈ ಅಂಗೈ ಸುಟ್ಟು ಜಜ್ಜಿತ್ತು. ಆ ಕೈಯನ್ನು ಎಡಗೈಯಿಂದ ಎದೆಗೆ ಅವುಚಿಕೊಂಡು ಬಂದಿದ್ದಳು, ಮಗುವನ್ನು ಎತ್ತಿಕೊಂಡಂತೆ. ಕತ್ತಿಗೆ ಸೂಜಿ ಹಾಕುವಾಗಲೂ ಅದನ್ನು ಕೆಳಗಿಡಲು ಒಪ್ಪಲಿಲ್ಲ. ಔಷಧಿ ಚೆನ್ನಾಗಿ ಹಿಡಿಯಿತು. ಸಿಸ್ಟರ್ ಕೈಯನ್ನು ಬಿಡಿಸಿ ಪಕ್ಕದ ಹಲಗೆಯ ಮೇಲೆ ಚಾಚಿ, ನಡುವೆ ಹಸಿರು ಪರದೆ ಕಟ್ಟಿದರು. ಸರ್ಜನ್ ಕೆಲಸ ಶುರು ಮಾಡಿದರು. ಸ್ವಲ್ಪ ಹೊತ್ತಿಗೆ ಭಾಗ್ಯ ನನ್ನನ್ನು ಕರೆದಳು.

"ಮೇಡಂ, ಇನ್ನೂ ಯಾಕೆ ಶುರು ಮಾಡಿಲ್ಲ? ಕೈ ನನ್ನ ಎದೆ ಮೇಲೇ ಐತಲ್ಲ."

"ಇಲ್ಲಮ್ಮ, ಆಚೆ ಹಲಗೆ ಮೇಲಿದೆ. ಕೆಲಸ ನಡೀತಾ ಇದೆ."

"ಸುಳ್ಳು ಹೇಳ್ಬೇಡಿ ಮೇಡಂ. ಇಗೋ, ಇಲ್ಲೇ ಇಟ್ಕೊಂಡಿದೀನಿ."

ಅವಳ ಎದೆಯ ಮೇಲೆ ಏನೂ ಇರಲಿಲ್ಲ. ನಂಬಿಸೋಣವೆಂದು ಪರದೆ ತುಸು ತಗ್ಗಿಸಿ ತೋರಿಸಿದೆ. ಹಲಗೆಯ ಮೇಲಿನ ಕೈ ನೋಡಿ ಅವಳು ಬಿಳಿಚಿಕೊಂಡಳು. "ಅದು ನಂದಲ್ಲ. ಅದು ಯಾರ್ದೋ. ನಂದು ಇಲ್ಲೈತೆ" ಎಂದು ಅಳತೊಡಗಿದಳು. ಕೈ ನಿದ್ದೆ ಹೋಗುವ ಮುಂಚೆ ಮಿದುಳಿಗೆ ಮುಟ್ಟಿದ ಕೊನೆಯ ಸುದ್ದಿ "ಎದೆಯ ಮೇಲಿದ್ದೇನೆ" ಎಂಬುದು. ಆಮೇಲೆ ಸುದ್ದಿಯೇ ನಿಂತುಹೋಗಿದೆ. ಮಿದುಳು ಪಾಪ ಹಳೆಯ ಸುದ್ದಿಯನ್ನೇ ನಂಬಿಕೊಂಡು ಕೂತಿದೆ. ಇದನ್ನೆಲ್ಲ ಆಮೇಲೆ ಓದಿ ತಿಳಿದೆ. ಆ ಹೊತ್ತಿಗೆ ನನಗೆ ತೋಚಿದ್ದು ಒಂದೇ. ಪರದೆ ಮೇಲೆತ್ತಿ, ಅವಳ ಖಾಲಿ ಎದೆಯ ಮೇಲೆ ಅವಳ ಎಡಗೈ ಇಟ್ಟು, "ಹೌದಮ್ಮ, ಇಲ್ಲೇ ಇದೆ, ಗಟ್ಟಿಯಾಗಿ ಹಿಡ್ಕೊ" ಎಂದೆ. ಅಳು ನಿಂತಿತು. ಸರ್ಜನ್ ಹೊಲಿಗೆ ಮುಗಿಸುವವರೆಗೆ ಅವಳು ಇಲ್ಲದ ಕೈಯನ್ನು ಹಿಡಿದುಕೊಂಡೇ ಇದ್ದಳು.

ಅಂದಿನಿಂದ ಒಂದು ಪದ್ಧತಿ ಮಾಡಿಕೊಂಡೆ. ಸೂಜಿ ತೆಗೆದ ಮೇಲೆ ಕೈ ಪೂರ್ತಿ ಮರಗಟ್ಟುವ ಮುಂಚೆ ಸ್ವಲ್ಪ ಸಮಯ ಇರುತ್ತದೆ. ಆಗ ಕೇಳುತ್ತಿದ್ದೆ: "ಈಗ ಕೈ ಎಲ್ಲಿಟ್ಕೋತೀರೋ, ಆಪರೇಷನ್ ಮುಗಿಯೋವರೆಗೂ ಅಲ್ಲೇ ಇದ್ದಂಗೆ ಅನ್ಸುತ್ತೆ. ಎಲ್ಲಿ ಇಡೋಣ?" ಗಾಯದ ಕೈ ಎಷ್ಟು ಬಗ್ಗುತ್ತದೋ ಅಷ್ಟು. ಮೊದಮೊದಲು ಸರ್ಜನ್‌ಗಳು ನಕ್ಕರು. ಲೀಲಾ ಮೇಡಂ ಆಗ ನಿವೃತ್ತಿಯ ಅಂಚಿನಲ್ಲಿದ್ದರು. "ನಗೋರು ನಗಲಿ. ನೀನು ಕೇಳು" ಎಂದರು. ಅವರ ಬಾಯಿಂದ ನನಗೆ ಸಿಕ್ಕ ಪ್ರಶಸ್ತಿ ಇದೊಂದೇ.

ಜನ ಎಲ್ಲೆಲ್ಲಿ ಇಟ್ಟುಕೊಂಡರು ಎಂದು ಹೇಳಿದರೆ ನೀವು ನಂಬಲಿಕ್ಕಿಲ್ಲ. ಹೊಟ್ಟೆಯ ಮೇಲೆ, ಹಣೆಯ ಮೇಲೆ, ತಲೆಯ ಕೆಳಗೆ. ಬಸುರಿಯೊಬ್ಬಳು ಹೊಟ್ಟೆಯ ಪಕ್ಕಕ್ಕೆ ಇಟ್ಟುಕೊಂಡಳು. ಒಬ್ಬ ಡ್ರೈವರ್ ಗೇರ್ ಹಿಡಿದಂತೆ ಪಕ್ಕಕ್ಕೆ ಚಾಚಿದ. ನಮ್ಮ ಕಡೆಯ ಜಮೀನ್ದಾರರೊಬ್ಬರು, ಹೊಲ ಮಾರಿ ಅಪಾರ್ಟ್‌ಮೆಂಟ್ ಕಟ್ಟಿಸುತ್ತಿದ್ದ ಮುನಿಯಪ್ಪನವರು, ಸೆಂಟ್ರಿಂಗ್ ಹಲಗೆ ಬಿದ್ದು ಮಣಿಕಟ್ಟು ಮುರಿದುಕೊಂಡು ಬಂದಿದ್ದರು. ಬಹಳ ಯೋಚಿಸಿ ಹೇಳಿದರು:

"ಇಂಗೆ ಮೀಸೆ ಮ್ಯಾಲೆ ಇರ್ಲಿ ಕಣವ್ವ. ಅವರು ಆಕಡೆ ಏನಾರ ಕೂಯ್ಕಳ್ಲಿ, ನಾನು ಈಕಡೆ ತಿರುವ್ತಾ ಇರ್ತೀನಿ."

ಆಪರೇಷನ್ ಉದ್ದಕ್ಕೂ ಅವರ ಮುಖದಲ್ಲಿ ಎಂಥ ಗತ್ತು! ಮುಗಿದ ಮೇಲೆ ಸರ್ಜನ್‌ಗೆ ಸ್ವೀಟ್ ಬಾಕ್ಸ್ ಕೊಟ್ಟು, ನನಗೆ "ಚೆನ್ನಾಗಿ ತಿರುವ್ದೆ ಕಣವ್ವ" ಎಂದು ಹೇಳಿ ಹೋದರು. ನನಗೆ ಅದೇ ಮೈಸೂರ್ ಪಾಕ್.

ಆಮೇಲೆ ಯಂತ್ರಗಳು ಬಂದವು. ಮೊದಲು ಬಂದದ್ದು ಸೂಜಿಯ ತುದಿಯಿಂದ ಸಣ್ಣ ಕರೆಂಟ್ ಕಳಿಸುವ ಪೆಟ್ಟಿಗೆ. ನರ ಹತ್ತಿರವಾದರೆ ರೋಗಿಯನ್ನು ಕೇಳಬೇಕಾಗಿಯೇ ಇಲ್ಲ, ಬೆರಳು ತಾನೇ ಕುಣಿಯುತ್ತದೆ. ರೋಗಿಗಳು ತಮ್ಮ ಬೆರಳು ತಮ್ಮನ್ನು ಕೇಳದೆ ಕುಣಿಯುವುದನ್ನು ನೋಡಿ ಬೆರಗಾಗುತ್ತಿದ್ದರು. ನನಗೂ ಇಷ್ಟವಾಯಿತು. ಆದರೆ "ಎಲ್ಲಿಗೆ ಬಂತು?" ಎಂದು ಕೇಳುವ ಅವಕಾಶ ಹೋಯಿತು, ಮಾತು ಕಡಿಮೆಯಾಯಿತು.

ನಂತರ ರಫೀಕ್ ಅಲ್ಟ್ರಾಸೌಂಡ್ ಯಂತ್ರ ತರಿಸಿದ. ತರಿಸಲು ಆಡಳಿತದವರ ಜೊತೆ ಅವನು ಆಡಿದ ಜಗಳವೇ ಒಂದು ಪುರಾಣ. ಮೊದಲ ದಿನ ನನ್ನನ್ನು ಎಳೆದುಕೊಂಡು ಹೋದ. ರೋಗಿಯ ಕೊರಳೆಲುಬಿನ ಮೇಲೆ ತಣ್ಣಗಿನ ಜೆಲ್ಲಿ ಹಚ್ಚಿ, ಸಾಬೂನಿನಂಥ ತುಂಡೊಂದನ್ನು ಇಟ್ಟ. "ನೋಡಿ ಮೇಡಂ, ನಿಮ್ ವಠಾರ" ಎಂದ.

ಬೂದಿಬಣ್ಣದ ಪರದೆಯಲ್ಲಿ ಒಂದು ಕಪ್ಪು ಗುಂಡು ಬಡಿದುಕೊಳ್ಳುತ್ತಿತ್ತು. ಅದು ಸದ್ದಿನ ಮನೆ, ಅಪಧಮನಿ. ಅದರ ಹೊರಮಗ್ಗುಲಿಗೆ ಸಣ್ಣ ಸಣ್ಣ ಕಪ್ಪು ಗುಂಡುಗಳ ಒಂದು ಗೊಂಚಲು, ಒಂದಕ್ಕೊಂದು ಒತ್ತಿಕೊಂಡು.

"ದ್ರಾಕ್ಷಿ" ಎಂದೆ.

"ಎಲ್ಲಾ ದೇಶದವರೂ ಅದನ್ನೇ ಅಂತಾರೆ ಮೇಡಂ. ದ್ರಾಕ್ಷಿ ಗೊಂಚಲು."

ಎಲ್ಲ ದೇಶದವರದ್ದು ನನಗೆ ಗೊತ್ತಿಲ್ಲ. ಕೋಗಿಲಿನಲ್ಲಿ ನಮ್ಮದು ದ್ರಾಕ್ಷಿ ಚಪ್ಪರ. ಬೆಳಿಗ್ಗೆ ಚಪ್ಪರದ ಕೆಳಗೆ ತಲೆ ತಗ್ಗಿಸಿ ನಡೆದರೆ ಹೀಗೇ ಎಲೆಯ ಮಬ್ಬಿನಲ್ಲಿ ಕಪ್ಪು ಗೊಂಚಲು ತೂಗುತ್ತಿದ್ದವು. ಈಗ ಆ ಜಾಗದಲ್ಲಿ ಅಣ್ಣ ಕಟ್ಟಿಸಿದ ಅಪಾರ್ಟ್‌ಮೆಂಟ್ ಇದೆ. ಅದರ ಮೂರನೇ ಮಹಡಿಯಲ್ಲಿ ನಾನಿದ್ದೇನೆ. ಲಿಫ್ಟಿದೆ, ಕಾವೇರಿ ನೀರಿದೆ, ದೂರುವುದಕ್ಕೇನೂ ಇಲ್ಲ. ಆದರೂ ಆ ಪರದೆಯ ಮುಂದಿನಿಂದ ಕದಲಲು ಮನಸ್ಸಾಗಲಿಲ್ಲ. ಇಷ್ಟು ವರ್ಷ ಪಕ್ಕದ ಮನೆಯ ಸದ್ದು ಕೇಳಿ ಬಾಗಿಲು ತಟ್ಟಿದವಳು ನಾನು. ಒಳಗಿದ್ದವಳ ಮುಖ ನೋಡಿದ್ದು ಅಂದೇ.

ಈ ಯಂತ್ರ ಒಳ್ಳೆಯದು. ಸೂಜಿ ಹೋಗುವುದು ಕಾಣುತ್ತದೆ, ಶ್ವಾಸಕೋಶದ ಅಂಚು ಕಾಣುತ್ತದೆ, ಔಷಧಿ ಗೊಂಚಲನ್ನು ಸುತ್ತುವುದು ಕಾಣುತ್ತದೆ. ಲೀಲಾ ಮೇಡಂ ಇದ್ದಿದ್ದರೆ ಅದನ್ನು ಮುದ್ದಾಡುತ್ತಿದ್ದರು. ನಾನೂ ಕಲಿತೆ, ಕೊನೆಯ ವರ್ಷಗಳಲ್ಲಿ ಅದಿಲ್ಲದೆ ಸೂಜಿ ಹಿಡಿಯಲಿಲ್ಲ. ಆದರೆ ಯಂತ್ರದ ಆ ತುಂಡನ್ನು ಇಡುವ ಮುಂಚೆ ಒಂದು ಸಲ ಬೆರಳಿಟ್ಟು ನಾಡಿ ನೋಡುತ್ತಿದ್ದೆ. ರಫೀಕ್ ಕಿಚಾಯಿಸುತ್ತಿದ್ದ: "ಟಿ.ವಿ. ಇಟ್ಕೊಂಡು ರೇಡಿಯೋ ಹಾಕ್ತೀರಲ್ಲ ಮೇಡಂ!" ಅವನೂ ಅವನ ಜೊತೆಯವರೂ ಬೆರಳಿಟ್ಟು ಹುಡುಕಿದ್ದನ್ನು ನಾನು ನೋಡಿಯೇ ಇಲ್ಲ. ಅವರಿಗೆ ಅಗತ್ಯವಿರಲಿಲ್ಲ. ಅಗತ್ಯವಿಲ್ಲದ್ದನ್ನು ಕಲಿಸುವುದು ಹೇಗೆ? ಒಳಗೊಳಗೇ ಅದೊಂದು ಸಂಕಟವಿತ್ತು. ಅವ್ವನಿಂದ ಬಂದದ್ದು, ಲೀಲಾ ಮೇಡಂ ತಿದ್ದಿದ್ದು, ನನ್ನ ಬೆರಳಲ್ಲೇ ಮುಗಿದುಹೋಗುತ್ತದಲ್ಲ ಎಂದು. ನಿವೃತ್ತಿಯಾದಾಗ ಕುರ್ಚಿ, ಕೋಣೆ ಯಾವುದಕ್ಕೂ ಮನಸ್ಸು ಅತ್ತಿರಲಿಲ್ಲ. ಇನ್ನು ಯಾರ ಕತ್ತಿನ ಮೇಲೂ ಬೆರಳಿಟ್ಟು ಕಾಯುವಂತಿಲ್ಲ ಎಂಬುದಕ್ಕೆ ಅತ್ತಿತು.

ನಿವೃತ್ತಿಯಾದ ಮೇಲೆ ನಾನು ಬಿದ್ದದ್ದು ಹೆಬ್ಬಾಳದ ಸರ್ವಿಸ್ ರಸ್ತೆಯಲ್ಲಿ. ಫುಟ್‌ಪಾತಿನ ಚಪ್ಪಡಿ ಒಂದು ಕಡೆ ಅಲ್ಲಾಡಿತು, ಅಂಗೈ ಊರಿ ಬಿದ್ದೆ. ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಹಾಕಿಸಿಕೊಂಡೆ. ವಯಸ್ಸಾದ ಮೂಳೆ, ಓರೆಯಾಗಿ ಕೂಡಿಕೊಂಡಿತು. ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟಾದ ಓಣಿಯಿದೆ; ಬೆರಳು ಮಡಚುವ ಸ್ನಾಯುರಜ್ಜುಗಳೆಲ್ಲ ಅದರೊಳಗೇ ನುಗ್ಗಬೇಕು, ಅವುಗಳ ಜೊತೆ ಒಂದು ನರ. ಮೂಳೆ ಓರೆಯಾದರೆ ಓಣಿ ಇನ್ನೂ ಇಕ್ಕಟ್ಟು. ನೆರೆಹೊರೆಯವರು ಗಟ್ಟಿಮುಟ್ಟು, ನರ ಮೆತ್ತಗೆ. ಒತ್ತಡವೆಲ್ಲ ಅದರ ಮೇಲೆ. ಸಾವಿರ ಸಲ ಪಾಠ ಮಾಡಿದ ವಿಷಯ. ನನ್ನ ಕೈಯಲ್ಲೇ ನಡೆಯುವಾಗ ಬಾವು ಇಳಿದರೆ ಸರಿಹೋಗುತ್ತದೆ ಎಂದುಕೊಂಡು ಕೂತೆ.

ತಿಳಿದದ್ದು ಅವರೆಕಾಯಿ ಕಾಲದಲ್ಲಿ. ಅತ್ತಿಗೆ ಕೆಳಗಿನ ಮನೆಯಿಂದ ನೆನೆಸಿದ ಕಾಳಿನ ಪಾತ್ರೆ ತಂದು ಎದುರಿಗೆ ಕೂತರು. ಮಾತಾಡುತ್ತಾ ಕಾಳು ಹಿಡಿದು ಒತ್ತಿದೆ. ಗೋಡೆಗೆ ಹಾರಿತು. ಇನ್ನೊಂದು ಜಾರಿ ಸೀರೆಗೆ ಬಿತ್ತು. ಮತ್ತೊಂದು ಬೆರಳಲ್ಲಿದೆಯೋ ಬಿದ್ದಿದೆಯೋ ಎಂದೇ ತಿಳಿಯಲಿಲ್ಲ, ಬಗ್ಗಿ ನೋಡಬೇಕಾಯಿತು.

"ಯಾಕ್ ಗೌರಿ, ಕೈ ನೋಯ್ತದಾ?" ಎಂದರು ಅತ್ತಿಗೆ.

"ನೋಯ್ತಾ ಇಲ್ಲ ಅತ್ತಿಗೆ. ನೋಯ್ತಾ ಇದ್ದಿದ್ರೆ ಚೆನ್ನಾಗಿತ್ತು."

ಎದ್ದು ಕೋಣೆಗೆ ಹೋಗಿ ಬಲಗೈ ಬೆರಳುಗಳನ್ನು ಎಡ ಮಣಿಕಟ್ಟಿನ ಮೇಲೆ ಇಟ್ಟುಕೊಂಡೆ. ಒತ್ತಲಿಲ್ಲ. ಕಾದೆ. ಏನೂ ಬರಲಿಲ್ಲ. ಬದುಕಿರುವ ಹೆಂಗಸಿಗೆ ತನ್ನ ನಾಡಿ ತನಗೆ ಸಿಗುತ್ತಿಲ್ಲ. ಹಾಸಿಗೆಯ ಮೇಲೆ ಕೂತು ಅತ್ತೆ. ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಒಳಗೆ ಬಂದು ನನ್ನ ಪಾಲಿನ ಕಾಳನ್ನೂ ಹಿತುಕಿದರು.

ಸರ್ಜನ್ ಪ್ರಾಮಾಣಿಕ ಮನುಷ್ಯ. "ಮೂಳೆ ನೆಟ್ಟಗೆ ಮಾಡ್ತೀವಿ, ನರದ ಮೇಲಿನ ಒತ್ತಡ ತೆಗೀತೀವಿ. ಆದ್ರೆ ಬಹಳ ದಿನ ಆಗಿದೆ ಮೇಡಂ. ಸ್ಪರ್ಶ ಬಂದೇ ಬರುತ್ತೆ ಅಂತ ನಿಮಗೆ ಹೇಳೋಕಾಗಲ್ಲ" ಎಂದರು. ನಾನು ಕೇಳಿದ್ದು ಒಂದೇ: ಮತ್ತು ಕೊಡುವವನು ರಫೀಕ್ ಆಗಿರಬೇಕು, ನನ್ನನ್ನು ಎಚ್ಚರವಿಟ್ಟಿರಬೇಕು.

ಆ ದಿನ ನಾನು ಮೇಜಿನ ತಪ್ಪು ಕಡೆ ಇದ್ದೆ. ಛಾವಣಿಯ ದೀಪವನ್ನು ಕೆಳಗಿನಿಂದ ನೋಡಿದ್ದು ಅದೇ ಮೊದಲು, ಎಷ್ಟು ಧೂಳು! ರಫೀಕ್ ಬಂದ. ನನ್ನ ತಲೆಯನ್ನು ಎಡಕ್ಕೆ ತಿರುಗಿಸಿ ಬಲಗೊರಳಿಗೆ ಜೆಲ್ಲಿ ಹಚ್ಚಿದ. ಕೇಳದೆಯೇ ಯಂತ್ರದ ಪರದೆಯನ್ನು ನನಗೆ ಕಾಣುವಂತೆ ತಿರುಗಿಸಿಟ್ಟ. ಕಪ್ಪು ಗುಂಡು ಬಡಿದುಕೊಳ್ಳುತ್ತಿತ್ತು. ಪಕ್ಕದಲ್ಲಿ ಗೊಂಚಲು.

"ಚೆನ್ನಾಗಿದೆಯಲ್ಲೋ ನಮ್ಮ ತೋಟ" ಎಂದೆ.

"ಒಳ್ಳೆ ಫಸಲು ಮೇಡಂ. ಅಲ್ಲಾಡ್ಬೇಡಿ."

ಸೂಜಿಯ ಬಿಳಿ ಗೆರೆ ಹೊರಗಿನಿಂದ ಬಂದು ಗೊಂಚಲ ಬುಡದಲ್ಲಿ ನಿಂತಿತು. ಔಷಧಿ ಹರಡಿತು. ನಾನು ಮಾಡಿದ್ದಕ್ಕಿಂತ ಚೆನ್ನಾಗಿ ಮಾಡಿದ. ಬರೆದು ಹೇಳುವುದರಲ್ಲಿ ನನಗೆ ನಾಚಿಕೆಯಿಲ್ಲ. ಸೂಜಿ ತೆಗೆದು, ಹತ್ತಿ ಒತ್ತಿ, ನನ್ನ ಮುಖದ ಹತ್ತಿರ ಬಗ್ಗಿದ.

"ಕೈ ಎಲ್ಲಿಟ್ಕೋತೀರಾ ಮೇಡಂ?"

ಆ ಪ್ರಶ್ನೆ ಅವನಿಗೆ ನೆನಪಿದೆ ಎಂದು ನಾನು ಎಣಿಸಿರಲಿಲ್ಲ. ಉತ್ತರ ಯೋಚಿಸಿಟ್ಟಿರಲೂ ಇಲ್ಲ. ಆದರೆ ಬಲಗೈ ತಾನಾಗಿ ಎದ್ದು ಎದೆಯ ಮೇಲಿಂದ ಹಾದು ಎಡಗಡೆಯ ಕೊರಳ ಗುಳಿಗೆ ಹೋಯಿತು. ಕೊರಳೆಲುಬಿನ ಹಿಂದೆ, ನಾಡಿ ಇರಬೇಕಾದ ಜಾಗದಲ್ಲಿ, ಬೆರಳುಗಳನ್ನು ಇಟ್ಟುಕೊಂಡೆ. ಬೆರಳಿಗೆ ಏನೂ ತಿಳಿಯಲಿಲ್ಲ. ತೋಳಿಗೆ, ಮೊಣಕೈಗೆ ಮಾತ್ರ ತಾವು ಎಲ್ಲಿದ್ದೇವೆಂದು ಗೊತ್ತಿತ್ತು. ಕೈ ಬೆಚ್ಚಗಾಯಿತು, ಭಾರವಾಯಿತು. ಸಿಸ್ಟರ್ ಅದನ್ನು ಮೆತ್ತಗೆ ಎತ್ತಿ ಆಚೆಗೆ ಒಯ್ದು ಹಲಗೆಯ ಮೇಲೆ ಚಾಚಿದ್ದನ್ನು ಕಣ್ಣಾರೆ ನೋಡಿದೆ. ನಡುವೆ ಹಸಿರು ಬಟ್ಟೆಯ ಪರದೆ ಕಟ್ಟಿದರು.

ಆದರೆ ಭಾಗ್ಯ ಹೇಳಿದ್ದು ಸುಳ್ಳಲ್ಲ. ನನ್ನ ಕೈ ಎಲ್ಲಿಗೂ ಹೋಗಿರಲಿಲ್ಲ. ಕತ್ತಿನ ಮೇಲೇ ಇತ್ತು, ಎರಡು ಬೆರಳು ಚಾಚಿಕೊಂಡು, ಕಾಯುತ್ತ. ಆಚೆ ಹಲಗೆಯ ಮೇಲೆ ಸರ್ಜನ್ ಯಾರದೋ ಮೂಳೆ ಕೊರೆಯುತ್ತಿದ್ದರು.

"ಈಗ ಎಲ್ಲಿದೆ ಮೇಡಂ?" ಎಂದ ರಫೀಕ್.

"ಕತ್ತಿನ ಮೇಲೇ ಇದೆ ಕಣೋ."

"ನಾಡಿ ಸಿಗ್ತಿದೆಯಾ?"

ಹೂಂ ಎಂದುಬಿಡಬಹುದಾಗಿತ್ತು. ನಂಜುಂಡನಂತೆ ಅವನನ್ನು ಖುಷಿಪಡಿಸಬಹುದಾಗಿತ್ತು. "ಇಲ್ಲಪ್ಪ, ಸಿಗ್ತಾ ಇಲ್ಲ" ಎಂದೆ. ಕಣ್ಣಂಚಿನಿಂದ ನೀರು ಇಳಿದು ಕಿವಿಗೆ ಹೋಯಿತು. ಒರೆಸಿಕೊಳ್ಳಲು ಎಡಗೈಯಿತ್ತು, ಅದರಲ್ಲಿ ಡ್ರಿಪ್ ಇತ್ತು.

ರಫೀಕ್ ಕೈಯ ಗ್ಲೌಸ್ ಬಿಚ್ಚಿ ಬುಟ್ಟಿಗೆ ಎಸೆದ. ನನ್ನ ಎಡಗೊರಳ ಗುಳಿಯಲ್ಲಿ, ನನ್ನ ಬೆರಳುಗಳಿದ್ದ ಜಾಗದಲ್ಲೇ, ತನ್ನ ತೋರುಬೆರಳು ನಡುಬೆರಳು ಇಟ್ಟ. ಮೊದಲು ಒತ್ತಿದ.

"ಒತ್ತಬೇಡ" ಎಂದೆ. "ಒತ್ತಿದರೆ ನಿನ್ನದೇ ಸಿಗುತ್ತೆ. ಸುಮ್ನೆ ಇಟ್ಕೊಂಡು ಕಾಯಿ."

ಬೆರಳು ಹಗುರವಾಯಿತು. ಅವನು ಕಣ್ಣು ಮುಚ್ಚಿಕೊಂಡ. ಪರದೆಯ ಆಚೆ ಡ್ರಿಲ್ಲಿನ ಸದ್ದು ನಿಂತಿತು, ಮತ್ತೆ ಶುರುವಾಯಿತು. ನಾನು ಅವನ ಮುಖವನ್ನೇ ನೋಡುತ್ತಿದ್ದೆ.

"ಬಂತು ಮೇಡಂ" ಎಂದ.

"ಎಲ್ಲಿಗೆ ಬಂತು?"

"ನಡುಬೆರಳ ಕೆಳಗೆ. ಸ್ವಲ್ಪ ಒಳಮಗ್ಗುಲಿಗೆ."

ಸರಿಯಾಗಿ ಅಲ್ಲೇ ಇರುತ್ತದೆ ಅದು. "ತೆಗೀಬೇಡ" ಎಂದೆ. ಅವನು ತೆಗೆಯಲಿಲ್ಲ.